ಒಂದ ಫೈಲ್ ಕಾಪಿ ಆತು

ನನ್ನ ನಸೀಬ ಎಂಥಾದ್ದಂದ್ರ, ಅಳೂ ಸುದ್ದಿ ಹೇಳಿದ್ರೂ ಮಂದಿ ಹೊಟ್ಟಿ ಹಿಡ್ಕೊಂಡ ನಗತಾರ. ಇಂಥಾವು ನನಗ ಆಗ್ತಾನ ಬಂದಾವ ಬಿಡ್ರಿ.

ತೊಂಬತ್ತರ ದಶಕ. ಅಥಣಿ ಕಡೆ ಒಂದು ಸಕ್ಕರಿ ಕಾರ್ಖಾನಿ, ಅದರಾಗ ನಾನು ಟೆಂಪರರಿ ಕಂಪ್ಯೂಟರ್ ಆಪರೇಟರ್. ಸಾಹೇಬ್ರು ಅಂದಿದ್ರು: “ಅವತ್ತ ಬದಲಾದ ಫೈಲ್ ಅಷ್ಟ ಹುಡುಕಿ, ತಾನ ಫ್ಲಾಪಿಗೆ ಕಾಪಿ ಆಗೂವಂಗ ಪ್ರೋಗ್ರಾಂ ಬರಿ. ಪರ್ಮನೆಂಟ್ ಮಾಡ್ತೀನಿ.”

ಅಂಕಲಿ ಊರೊಳಗ ನಾನು ನೋಡಿ ಬಂದ ಹುಡುಗಿ ಅಪ್ಪಂದೂ ಅದ ಮಾತು: “ಮೊದಲ ಪರ್ಮನೆಂಟ್ ಆಗ್ರಿ, ಆಮ್ಯಾಲ ಅಕ್ಷತಾ ಹಾಕೂಣು.” ಹುಡುಗಿ ನನ್ನ ಮನಸಿನ್ಯಾಗ ಕುಂತಬಿಟ್ಟಿದ್ಲು.

೧. ಎಂಟರ್

ಮಷೀನಿನ ಬ್ಯಾಟರಿ ಸತ್ತಿತ್ತು. ದಿನಾ ಮುಂಜಾನೆ ಚಾಲೂ ಮಾಡಿದ ಕೂಡ್ಲೆ ಎಂಬತ್ತನೇ ಇಸ್ವಿ ಜನವರಿ ಒಂದು ಅಂತ ತೋರಿಸಿ, ತಾರೀಖ ಖರೇ ಏನು ಅಂತ ಕೇಳತಿತ್ತು. ಹೆಡ್ ಕ್ಲಾರ್ಕ್ ಸುಮ್ನ ಎಂಟರ್ ಒತ್ತಾಂವ. ಹಿಂಗಾಗಿ ಎಲ್ಲಾ ಫೈಲಿಗೂ ಒಂದ ತಾರೀಖ. ನನ್ನ ಪ್ರೋಗ್ರಾಂ ಎಲ್ಲಾನೂ ಫ್ಲಾಪಿಗೆ ತುರುಕಾಕ ಹೋಗಿ ಜಾಗಾ ಸಾಲದ ಅರ್ಧಕ್ಕ ನಿಂತಿತು.

ಸಾಹೇಬ್ರು ಕೇಳಿದ್ರು: “ಕಾರ್ಖಾನಿ ಪೂರಾ ಒಂದ ದಿನದಾಗ ನಡದೈತೇನಲೇ?”

೨. ಅಮಾಸಿ

ನಿಪ್ಪಾಣಿಯಿಂದ ಹೊಸಾ ಬ್ಯಾಟರಿ ತಂದು ಹಾಕಿದೆ. ಸಾಹೇಬ್ರು ಸಂಜಿಗೆ ನೋಡಾಕ ಬರ್ತೀನಂದ್ರು. ಅವತ್ತ ಅಮಾಸಿ. ಕಬ್ಬಿನ ಹೊಸಾ ಹಂಗಾಮಿನ ಫೈಲ್ ಅಮಾಸಿ ದಿನ ತೆಗೀಬಾರ್ದಂತ ಹೆಡ್ ಕ್ಲಾರ್ಕ್ ನನಗ ಹೇಳದನ ಮಷೀನಿನ ತಾರೀಖ ಮರುದಿನಕ್ಕ ಸರಿಸಿ, ಕೆಲಸ ಮುಗಿಸಿ, ಸಂಜಿಗೆ ತಿರುಗಿ ಸರಿ ಮಾಡಿಟ್ಟಿದ್ದ. ಪ್ರೋಗ್ರಾಂ ಅವತ್ತಿನ ಫೈಲ್ ಹುಡುಕಿತು. ಒಂದೂ ಸಿಗಲಿಲ್ಲ. ಫ್ಲಾಪಿ ಖಾಲಿ.

“ದಿನಾ ಪೂರ್ತಿ ಏನ್ ಮಾಡಿದ್ರಿ?” ಸಾಹೇಬ್ರು ಗುಡುಗಿದ್ರು.

ಹೆಡ್ ಕ್ಲಾರ್ಕ್ ಕೈಕಟ್ಟಿ ಅಂದ: “ಎಲ್ಲಾ ನಾಳೆ ಮಾಡೀವ್ರಿ, ಸಾಹೇಬ್ರ.”

೩. ಪೇಡಾ

ಅಂಕಲಿಯವರು ಎಷ್ಟಂತ ಕಾಯ್ತಾರ? ಹಂಗಾಮ ಮುಗಿದ ಮ್ಯಾಲ ಒಂದಿನ ಹೆಡ್ ಕ್ಲಾರ್ಕ್ ಪೇಡಾ ತಂದ. “ನಮ್ಮ ಅಕ್ಕನ ಮಗಂದು ಲಗ್ನ ಠರಾತು, ತಮ್ಮಾ. ಕಾಟಾದ ಮ್ಯಾಲ ಕಬ್ಬ ತೂಗತಾನಲ್ಲ, ಅವಂದು. ಪರ್ಮನೆಂಟ್ ಅದಾನ. ಲಗ್ನಪತ್ರಿಕಾ ಒಂದೀಟ ಟೈಪ್ ಮಾಡಿ ಕೊಡು.”

ವಧುವಿನ ಹೆಸರಿಗೆ ಬಂದೆ. ಕೈ ನಿಂತಿತು. ಅಂಕಲಿಯ ಅದ ಹುಡುಗಿ. ಹೆಡ್ ಕ್ಲಾರ್ಕಗ ಪಾಪ, ಏನೂ ಗೊತ್ತಿಲ್ಲ. ಆದ್ರೂ ಒಂದೂ ತಪ್ಪಿಲ್ಲದಂಗ ಟೈಪ್ ಮಾಡಿದೆ.

ಸಂಜಿಗೆ ಸಾಹೇಬ್ರು ಬಂದು ಬೆನ್ನ ಹಿಂದ ನಿಂತು, “ಓಡಿಸು ನೋಡೂಣು” ಅಂದ್ರು. ಅವತ್ತ ಬ್ಯಾರೆ ಯಾವ ಫೈಲೂ ಯಾರೂ ಮುಟ್ಟಿರಲಿಲ್ಲ. ಪ್ರೋಗ್ರಾಂ ಸೀದಾ ಹೋಗಿ ಲಗ್ನಪತ್ರಿಕಾ ಒಂದ ಹುಡುಕಿ ಕಾಪಿ ಮಾಡಿತು.

“ಶಾಬಾಸ್! ಬದಲಾದ್ದಷ್ಟ ಬರೋಬ್ಬರಿ ಹಿಡದೈತಿ. ನಾಳಿಂದ ನೀ ಪರ್ಮನೆಂಟ್!”

ಹೆಡ್ ಕ್ಲಾರ್ಕ್ ಖುಷಿಗೆ ನನ್ನ ಬಾಯಾಗ ಇನ್ನೊಂದ ಪೇಡಾ ತುರುಕಿದ: “ಇನ್ನ ನಿನಗೂ ಒಂದು ಹುಡುಗಿ ನೋಡೂಣು, ತಮ್ಮಾ!”