ಮೀನಿನ ಬಾಣಂತನ

ಸುಮ್ಮನಿರುವುದು ಒಂದು ವಿದ್ಯೆ. ಅದು ನನಗೆ ಒಲಿದಿಲ್ಲ. ಮನೆಗೆ ತಂದ ವಸ್ತುವನ್ನು ಇದ್ದ ಹಾಗೆ ಇರಲು ಬಿಡುವವರು ಪುಣ್ಯವಂತರು. ನಾನಾದರೋ ಗಡಿಯಾರ ತಂದರೆ ಹಿಂದಿನ ಮುಚ್ಚಳ ತೆಗೆದು ನೋಡಬೇಕು, ಕುಕ್ಕರ್ ತಂದರೆ ಸೀಟಿ ಬಿಚ್ಚಿ ನೋಡಬೇಕು. ಹಾಲು ಎಷ್ಟು ಬೆಚ್ಚಗಿದ್ದರೆ ಮೊಸರು ಗಟ್ಟಿಯಾಗುತ್ತದೆಂದು ತಿಳಿಯಲು ಒಮ್ಮೆ ಜ್ವರ ನೋಡುವ ಥರ್ಮಾಮೀಟರನ್ನು ಹಾಲಿನ ಪಾತ್ರೆಗೆ ಇಳಿಬಿಟ್ಟಿದ್ದೆ. ಆಮೇಲೆ ಬಹಳ ದಿನ ನಮ್ಮ ಮನೆಯಲ್ಲಿ ಮೊಸರನ್ನು ನಾನೊಬ್ಬನೇ ತಿಂದೆ. ಈ ಗುಣ ಕಡೆಗೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತೆಂದರೆ, ತಲೆತಲಾಂತರದಿಂದ ಮೀನಿನ ವಾಸನೆ ಬಂದರೆ ರಸ್ತೆಯ ಆಚೆ ಬದಿಗೆ ದಾಟುವ ಮನೆತನದಲ್ಲಿ ಹುಟ್ಟಿದವನು, ಐವತ್ತು ದಾಟಿದ ಮೇಲೆ ಚೆನ್ನೈನ ಕೀಲ್ಪಾಕಿನ ಒಂದು ಫ್ಲಾಟಿನಲ್ಲಿ ಮೀನುಗಳಿಗೆ ಸೂಲಗಿತ್ತಿಯಾದೆ.

ನಾನು ರೈಲ್ವೆಯ ಲೆಕ್ಕಪತ್ರ ವಿಭಾಗದವನು. ಹೆಂಡತಿ ಗಿರಿಜೆ ಬ್ಯಾಂಕಿನಲ್ಲಿದ್ದಾಳೆ. ಮಗಳು ನಂದಿನಿ ಕಾಲೇಜಿನಲ್ಲಿ ಓದುತ್ತಾಳೆ. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥ ಮಾಡಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಅವಳ ಹುಟ್ಟುಹಬ್ಬಕ್ಕೆ ಗೆಳತಿಯರು ಒಂದು ಗಾಜಿನ ಭರಣಿಯಲ್ಲಿ ಫೈಟರ್ ಮೀನೊಂದನ್ನು ಕೊಟ್ಟರು. ಗಾಢ ನೀಲಿ ಮೈ, ರೇಷ್ಮೆ ಸೆರಗಿನಂಥ ಬಾಲ. ಅವಳು ಅದರ ಫೋಟೋ ತೆಗೆದಳು, ಗಿರಿಜೆ ಚೆನ್ನಾಗಿದೆ ಎಂದಳು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೀನು ಒಂಟಿಯಾಗಿದೆ ಎಂದು ನನಗನ್ನಿಸಿತು. ಮೊಬೈಲಿನಲ್ಲಿ ಹುಡುಕಿದೆ. ಗಂಡು ಮೀನು ಬಾಯಿಂದ ಗುಳ್ಳೆ ಬಿಟ್ಟು ನೀರಿನ ಮೇಲೆ ಗೂಡು ಕಟ್ಟುತ್ತದಂತೆ, ಹೆಣ್ಣು ಮೊಟ್ಟೆಯಿಟ್ಟರೆ ಗಂಡೇ ಅವನ್ನು ಬಾಯಲ್ಲಿ ಹೆಕ್ಕಿ ಗೂಡಿನಲ್ಲಿಟ್ಟು ಕಾಯುತ್ತದಂತೆ. ನೀರಿನ ಶಾಖ, ಬೆಳಕು, ಆಹಾರ ಎಲ್ಲವನ್ನೂ ಹಿಡಿತದಲ್ಲಿಟ್ಟರೆ ಯಾರು ಬೇಕಾದರೂ ಮನೆಯಲ್ಲೇ ಮರಿ ಮಾಡಿಸಬಹುದು ಎಂದು ವೀಡಿಯೋದಲ್ಲಿ ಒಬ್ಬಾತ ಹೇಳಿದ. 'ಯಾರು ಬೇಕಾದರೂ' ಎಂಬ ಮಾತು ನನ್ನನ್ನೇ ನೋಡಿ ಆಡಿದಂತಿತ್ತು.

ಕೊಳತ್ತೂರಿನ ಸಾಕುಮೀನಿನ ಅಂಗಡಿಯವನು ಎಚ್ಚರಿಸಿದ್ದ. "ಸಾರ್, ರೆಂಡು ಸೇರ್ಂದಾ ಸಂಡೆದಾನ್. ಒಣ್ಣೇ ಪೋದುಂ." ಎರಡು ಸೇರಿದರೆ ಬರೀ ಜಗಳ, ಒಂದೇ ಸಾಕು ಎಂದು ಅವನ ಮಾತಿನ ಅರ್ಥ. ಮದುವೆಯಾಗಿ ಇಪ್ಪತ್ತೈದು ವರ್ಷ ಕಳೆದವನಿಗೆ ಇದನ್ನು ಹೇಳುತ್ತಾನಲ್ಲ ಎಂದು ನಕ್ಕು, ಕಂದು ಬಣ್ಣದ ಒಂದು ಹೆಣ್ಣು ಮೀನನ್ನೂ ದೊಡ್ಡದೊಂದು ತೊಟ್ಟಿಯನ್ನೂ ತಂದೆ. ನಡುವೆ ಗಾಜಿನ ತಡೆ ಇಟ್ಟು ಒಂದನ್ನೊಂದು ನೋಡಲು ಬಿಟ್ಟೆ. ಗಂಡು ನೋಡಿತು, ಮೆಚ್ಚಿತು, ಗುಳ್ಳೆ ಬಿಡಲು ಶುರುಮಾಡಿತು. ನಮ್ಮ ನಡುಮನೆಯ ಫ್ಯಾನು ತಿರುಗುತ್ತಿದ್ದಂತೆ ಗುಳ್ಳೆಗಳೆಲ್ಲ ಒಡೆದುಹೋದವು. ಮತ್ತೆ ಕಟ್ಟಿತು, ಮತ್ತೆ ಒಡೆಯಿತು.

"ಒಂದು ವಾರ ಫ್ಯಾನ್ ಆರಿಸೋಣ," ಎಂದೆ.

"ಮೇ ತಿಂಗಳಲ್ಲಿ? ಮದ್ರಾಸಲ್ಲಿ? ಹಾಗಾದ್ರೆ ಆ ಒಂದು ವಾರ ನಾನು ಬ್ಯಾಂಕಲ್ಲೇ ಮಲಗ್ತೀನಿ. ಅಲ್ಲಿ ಎಸಿ ಇದೆ," ಎಂದಳು ಗಿರಿಜೆ.

ತೊಟ್ಟಿಯನ್ನು ಬೆಡ್‌ರೂಮಿಗೆ ಒಯ್ದರೆ ಎಸಿಯಿಂದ ನೀರು ತಣ್ಣಗಾಯಿತು. ಅಡುಗೆಮನೆಗೆ ಒಯ್ದರೆ ಮಿಕ್ಸಿ ಗುಡುಗಿದಾಗ ಮೀನು ಮೂಲೆಗೆ ಓಡಿತು. ಮತ್ತೆ ನಡುಮನೆಗೇ ತಂದು ತಟ್ಟೆ ಮುಚ್ಚಿದರೆ ಗಾಳಿಯೇನೋ ತಾಗುತ್ತಿರಲಿಲ್ಲ, ಆದರೆ ಒಳಗೆ ಏನಾಗುತ್ತಿದೆ ಎಂದು ನಾನೇ ಗಳಿಗೆಗೊಮ್ಮೆ ಎತ್ತಿ ನೋಡುತ್ತಿದ್ದೆ. ನವದಂಪತಿಗಳ ಕೋಣೆಯ ಬಾಗಿಲನ್ನು ಹಾಗೆ ಬಡಿದರೆ ಯಾವ ಸಂಸಾರ ತಾನೇ ನಡೆದೀತು? ಎರಡು ಸಲ ತಡೆ ತೆಗೆದೆ; ಎರಡು ಸಲವೂ ಗಂಡು, ಹೆಣ್ಣಿನ ರೆಕ್ಕೆಯನ್ನು ಹರಿದುಹಾಕಿತು. ಮತ್ತೆ ತಡೆ ಇಟ್ಟೆ.

ಅಂಗಡಿಯವನಿಗೆ ಫೋನು ಮಾಡಿದರೆ ಮೀನಿಗೆ ಕಸುವು ಸಾಲದು, ಜೀವಂತ ಆಹಾರ ಕೊಡಿ ಎಂದ. ಏನು ಕೊಡಲಿ ಎಂದರೆ "ಕೊಸು ಪುಳು" ಎಂದ. ಎಂದರೆ ಸೊಳ್ಳೆಮರಿ. ಇಲ್ಲಿ ಒಂದು ತೊಡಕಿತ್ತು. ನಮ್ಮ ಕಟ್ಟಡದ ನಿವಾಸಿಗಳ ಸಂಘಕ್ಕೆ ನಾನೇ ಕಾರ್ಯದರ್ಶಿ. ಯಾರೂ ನೀರು ನಿಲ್ಲಿಸಕೂಡದು, ಡೆಂಗ್ಯೂ ಬರುತ್ತದೆ ಎಂದು ಲಿಫ್ಟಿನ ಪಕ್ಕ ಅಂಟಿಸಿದ ನೋಟೀಸಿನ ಕೆಳಗೆ ನನ್ನದೇ ಸಹಿ. ಹೂಕುಂಡದ ತಟ್ಟೆಯಲ್ಲಿ ನೀರು ಬಿಟ್ಟಿದ್ದಕ್ಕೆ ಅಧ್ಯಕ್ಷ ವೈದ್ಯನಾಥನ್ ಅವರ ಹೆಂಡತಿಗೆ ನಾನು ಮಾಡಿದ ಉಪದೇಶ ಇನ್ನೂ ಹಸಿಯಾಗಿತ್ತು. ಆದರೂ ನಾನು ತಾರಸಿಯಲ್ಲಿ, ನೀರಿನ ಟ್ಯಾಂಕಿನ ಹಿಂದೆ, ಒಂದು ಬಕೆಟ್ ನೀರಿಟ್ಟು ಬಂದೆ. ಸೊಳ್ಳೆಗಳು ನನಗಿಂತ ಚುರುಕು. ಬೇಗನೆ ಬಕೆಟ್ಟಿನ ತುಂಬ ಮರಿಗಳು ಕುಲುಕಾಡತೊಡಗಿದವು. ಅವು ರೆಕ್ಕೆ ಬಂದು ಹಾರುವ ಮೊದಲೇ ಸೋಸಿ ಮೀನಿಗೆ ಹಾಕಿಬಿಡುತ್ತೇನಲ್ಲ, ಊರಿಗೆ ಇದರಿಂದ ಉಪಕಾರವೇ ಆಗುತ್ತಿದೆ ಎಂದು ಸಮಾಧಾನ ಮಾಡಿಕೊಂಡೆ.

ಈ ಹಂತದಲ್ಲಿ ಗದುಗಿನಿಂದ ದೊಡ್ಡವ್ವ ಬಂದಳು. ನನ್ನ ತಾಯಿಯ ಅಕ್ಕ, ನನ್ನನ್ನು ಎತ್ತಿ ಆಡಿಸಿದವಳು. ಮಗ, ಸೊಸೆ, ಮೊಮ್ಮಕ್ಕಳ ತುಂಬಿದ ಮನೆ ಅವಳದು; ಕಣ್ಣಿನ ಪೊರೆ ತೆಗೆಸಲು ಇಲ್ಲಿಗೆ ಬಂದಿದ್ದಳು. ಎರಡೂ ಕಣ್ಣು ಮಂಜು. ನಿತ್ಯ ಲಿಂಗಪೂಜೆಯಾಗದೆ ನೀರನ್ನೂ ಮುಟ್ಟದ ಹೆಂಗಸು. ಮೀನಿರುವ ಮನೆಯಲ್ಲಿ ಊಟ ಮಾಡುತ್ತಾಳೋ ಇಲ್ಲವೋ ಎಂಬ ಅಳುಕು ನನ್ನದು. ಬಂದ ದಿನವೇ ತೊಟ್ಟಿಯ ಕಡೆ ತಿರುಗಿ, "ಅಲ್ಲೇನಪಾ ಬಸ್ಯಾ, ನೀಲಿ ನೀಲಿ?" ಎಂದು ಕೇಳಿದಳು. ನನ್ನ ಬಾಯಿಂದ ತಾನಾಗಿ ಬಂತು: "ಹೂ ದೊಡ್ಡವ್ವ. ಪ್ಲಾಸ್ಟಿಕ್ ಹೂ. ನೀರಾಗ ಇಟ್ಟೀವಿ."

"ಅಳ್ಳಾಡತದಲ್ಲೋ."

"ಫ್ಯಾನಿನ ಗಾಳಿಗೆ."

ನಂದಿನಿ ನನ್ನ ಕಡೆ ನೋಡಿ, "ಅಪ್ಪಾ, ಇದು ತೇವೆಯಾ?" ಎಂದಳು. ಇದೆಲ್ಲ ಬೇಕಿತ್ತಾ ಎಂದು. ಬೇಕಿರಲಿಲ್ಲ. ಆದರೆ ಒಮ್ಮೆ ಹೂವು ಎಂದ ಮೇಲೆ ಮೀನು ಎನ್ನುವುದು ಹೇಗೆ? ದೊಡ್ಡವ್ವನ ಪೂಜೆ ಮುಗಿದ ಮೇಲೆ ಉಳಿದ ಮಲ್ಲಿಗೆಯನ್ನು ಅವಳೇ ಹುಡುಕಿಕೊಂಡು ಹೋಗಿ ತೊಟ್ಟಿಯ ಪಕ್ಕ ಇಡುತ್ತಿದ್ದಳು, ಹೂವಿನ ಜೊತೆಗೆ ಹೂವಿರಲಿ ಎಂದು.

ಬಲಗಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ ಕಳಿಸಿದರು. ಮನೆಗೆ ಕರೆತಂದು ಸೋಫಾದ ಮೇಲೆ ಕೂರಿಸಿದ್ದೆವು. ಗಿರಿಜೆ ಕಾಫಿಗೆ ಇಟ್ಟಿದ್ದಳು. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಸೊಳ್ಳೆ ತಪಾಸಣೆಗೆ ಬರುವ ಕಾರ್ಪೊರೇಷನ್ ಹೆಂಗಸು ಟಾರ್ಚ್ ಹಿಡಿದು ನಿಂತಿದ್ದಾಳೆ. ಹಿಂದೆ ವೈದ್ಯನಾಥನ್, ಅವರ ಹಿಂದೆ ಅವರ ಹೆಂಡತಿ, ಮತ್ತೂ ಹಿಂದೆ ಕಾವಲುಗಾರನ ಕೈಯಲ್ಲಿ ನನ್ನ ಬಕೆಟ್ಟು.

"ಸೆಕ್ರೆಟರಿ ನೀಂಗದಾನೇ ಸಾರ್? ಮೊಟ್ಟೈ ಮಾಡಿಯಿಲೆ ಇದು ಯಾರ್ ಬಕೆಟ್? ಫುಲ್ಲಾ ಕೊಸು ಪುಳು!"

ತಾರಸಿಯಲ್ಲಿದ್ದ ಸೊಳ್ಳೆಮರಿಯ ಬಕೆಟ್ಟು ಯಾರದೆಂದು ಕೇಳುತ್ತಿದ್ದಳು. ನಾನು ಬಕೆಟ್ಟನ್ನು ಹಿಂದೆಂದೂ ಕಾಣದವನಂತೆ ಬಗ್ಗಿ ನೋಡಿದೆ. ಛೆ ಛೆ ಎಂದೆ. ಎಂಥ ಬೇಜವಾಬ್ದಾರಿ ಜನ ಎಂದೆ. ವಿಚಾರಣೆ ಮಾಡಿ, ತಪ್ಪಿತಸ್ಥ ಯಾರೇ ಆಗಿರಲಿ ಬಿಡುವುದಿಲ್ಲ ಎಂದು ತಮಿಳಿನಲ್ಲಿ ಹೇಳಿದೆ. ದನಿ ಏರಿದ್ದು ನನಗೇ ಕೇಳಿಸಿತು. ವೈದ್ಯನಾಥನ್ ತಲೆದೂಗಿದರು. ಅಷ್ಟರಲ್ಲಿ ಒಳಗಿನಿಂದ ದೊಡ್ಡವ್ವನ ಕಂಠ, ಗದುಗಿನ ಹೊಲದಿಂದ ಕೂಗಿದಂತೆ:

"ಬಸ್ಯಾ! ಏ ಬಸ್ಯಾ! ನಿನ್ನ ಹೂವಿಗೆ ಕಣ್ಣು ಅದಾವಲ್ಲೋ!"

ಎಲ್ಲರೂ ತಿರುಗಿದರು.

"ಬಾಯಿನೂ ಅದ! ಏನೋ ಹುಳಾ ತಿನ್ನಾಕತ್ತದ!"

"ಎನ್ನ ಸೊಲ್ರಾಂಗ?" ಅಜ್ಜಿ ಏನು ಹೇಳುತ್ತಿದ್ದಾರೆ ಎಂದು ಕಾರ್ಪೊರೇಷನ್ ಹೆಂಗಸು ಕೇಳಿದಳು. ನಾನು, ಕಣ್ಣಿನ ಆಪರೇಷನ್ ಆಗಿದೆ, ಅದಕ್ಕೆ ಹೀಗೆ ಎಂದು ಶುರುಮಾಡುವಷ್ಟರಲ್ಲಿ, ಯಾವತ್ತು ಕರೆದರೂ ಕೋಣೆಯಿಂದ ಹೊರಗೆ ಬಾರದ ನನ್ನ ಮಗಳು ಬಂದು ನಿಂತು, ಅಕ್ಷರಶಃ ತಮಿಳಿಗೆ ತಿರುಗಿಸಿ ಹೇಳಿದಳು. ಆ ಹೆಂಗಸು ಚಪ್ಪಲಿ ಬಿಟ್ಟು ಒಳಗೆ ಬಂದು ತೊಟ್ಟಿಗೆ ಟಾರ್ಚ್ ಬಿಟ್ಟಳು. ಬೆಳಗ್ಗೆ ಹಾಕಿದ ಸೊಳ್ಳೆಮರಿಗಳಲ್ಲಿ ಉಳಿದ ಕೆಲವು ಅಲ್ಲಿ ಸಾಕ್ಷಿ ಹೇಳುವಂತೆ ಕುಣಿಯುತ್ತಿದ್ದವು. ಅವಳು ರಸೀದಿ ಪುಸ್ತಕ ತೆಗೆದಳು. ವೈದ್ಯನಾಥನ್ ಅವರ ಹೆಂಡತಿ, "ಎಂಗ ಪೂತ್ತೊಟ್ಟಿ ತಟ್ಟಿಲೆ ಇವ್ವಳವು ಇಲ್ಲಿಂಗ ಸಾರ್," ಎಂದರು ಬಹಳ ಮೆಲ್ಲಗೆ. ನಮ್ಮ ಹೂಕುಂಡದ ತಟ್ಟೆಯಲ್ಲಿ ಇಷ್ಟೊಂದು ಇರಲಿಲ್ಲ ಎಂದು. ಬಕೆಟ್ಟು ಬರಿದಾಯಿತು, ನನ್ನ ಹೆಸರಿಗೆ ದಂಡದ ರಸೀದಿಯಾಯಿತು, ಮುಂದಿನ ಭಾನುವಾರದ ಸಭೆಯಲ್ಲಿ ಕಾರ್ಯದರ್ಶಿಯ ಕೆಲಸ ವೈದ್ಯನಾಥನ್ ಅವರ ಹೆಂಡತಿಗೆ ಹೋಯಿತು.

ಆದರೆ ಅದೆಲ್ಲ ದೊಡ್ಡದಲ್ಲ. ಅವರು ಹೋದ ಮೇಲೆ ನಾನು ದೊಡ್ಡವ್ವನ ಎದುರಿಗೆ ಹೋಗಿ ನಿಂತೆ. ಕಪ್ಪು ಕನ್ನಡಕದ ಹಿಂದೆ ಅವಳ ಕಣ್ಣು ಎತ್ತ ನೋಡುತ್ತಿದೆಯೋ ಗೊತ್ತಾಗಲಿಲ್ಲ. "ಮೀನ ಸಾಕಿದ್ದಕ್ಕ ನನಗೇನೂ ಇಲ್ಲಪಾ," ಎಂದಳು. "ಕೆರಿಯಾಗಿನ ನೀರೂ ಕುಡದೀವಿ, ಮೀನ ಇಲ್ಲದ ಕೆರಿ ಯಾವುದದ? ಆದರ ಕಣ್ಣು ಕಾಣದಾಕಿಗೆ ಹೂವು ಅಂದೀಯಲ್ಲ. ನಾ ದಿನಾ ಮಲ್ಲಿಗಿ ತಂದಿಟ್ಟೆ. ನೀವೆಲ್ಲಾ ನೋಡಿ ನಕ್ಕಿರಬೇಕು." ನಾವು ನಕ್ಕಿದ್ದೆವು. ಗಿರಿಜೆ ಬಂದು ಕಾಫಿ ಕೊಟ್ಟು ಅವಳ ಪಕ್ಕ ಕೂತಳು. ದೊಡ್ಡವ್ವ ಕಾಫಿ ಕುಡಿದು ಲೋಟ ಕೆಳಗಿಟ್ಟು, "ಫ್ಯಾನ ಆರಸು. ಗಾಳಿ ಕಣ್ಣಿಗೆ ಹೊಡಿತದ," ಎಂದಳು.

ನಾನು ಕೇಳಿದಾಗ ಆರದ ಫ್ಯಾನು ಆರಿತು. ಗಿರಿಜೆಯೇ ಎದ್ದು ಆರಿಸಿದಳು.

ಮುಂದೆ ನಡೆದದ್ದರಲ್ಲಿ ನನ್ನ ಪಾತ್ರ ಏನೂ ಇಲ್ಲ. ಬಗ್ಗಬಾರದು, ಒಲೆಯ ಮುಂದೆ ಹೋಗಬಾರದು, ಟೀವಿ ಜಾಸ್ತಿ ನೋಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ದೊಡ್ಡವ್ವನಿಗೆ ಇದ್ದ ಒಂದೇ ಕೆಲಸ ಎದುರಿನ ತೊಟ್ಟಿ ನೋಡುವುದು. ಮಂಜು ಹರಿದ ಕಣ್ಣಿಗೆ ಆ ನೀಲಿ ಹೇಗೆ ಕಂಡಿತೋ. ಮೊದಲ ದಿನ ಮುನಿಸಿನಲ್ಲೇ ನೋಡಿದಳು, ಎರಡನೆಯ ದಿನ ನನ್ನನ್ನು ಕರೆದು ಅದು ಯಾಕೆ ಗುಳ್ಳೆ ಬಿಡುತ್ತದೆ ಎಂದು ಕೇಳಿದಳು. ಗಾಳಿಯಿಲ್ಲದ ನೀರಿನಲ್ಲಿ ಗೂಡು ಅಂಗೈ ಅಗಲ ಬೆಳೆದು ಬೆಳ್ಳಗೆ ನಿಂತಿತ್ತು. ನಾವು ಮೂವರೂ ಬೆವರಿನಲ್ಲಿ ತೋಯ್ದು ಆಫೀಸು, ಬ್ಯಾಂಕು, ಕಾಲೇಜುಗಳಿಗೆ ಬೇಗ ಬೇಗ ಹೊರಡುತ್ತಿದ್ದೆವು. ಒಂದು ಮಧ್ಯಾಹ್ನ ನನಗೆ ಆಫೀಸಿಗೆ ಫೋನು ಬಂತು. "ಬಸ್ಯಾ, ನಡುವಿನ ಗಾಜು ನಾನ ತಗದೀನಿ. ಹೆಣ್ಣು ತಾನ ಗಾಜಿಗೆ ಮೂಗು ಹಚ್ಚಿ ಗೂಡಿನ ಕಡೆ ನೋಡಿಕೋತ ನಿಂತಿತ್ತಪಾ, ಇನ್ನ ಎಷ್ಟ ದಿನ ಕಾಯಸ್ತಿ?"

ನಾನು ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಾಸಿವೆಗಿಂತ ಚಿಕ್ಕ ಬಿಳಿ ಮೊಟ್ಟೆಗಳು ಗೂಡಿನ ತುಂಬ. ಹೆಣ್ಣನ್ನು ಬೇರೆ ಭರಣಿಗೆ ಬಿಟ್ಟೆ. ಗಂಡು ಕೆಳಗೆ ಉದುರಿದ ಒಂದೊಂದನ್ನೂ ಬಾಯಲ್ಲಿ ಹಿಡಿದು ತಂದು ಮತ್ತೆ ಗುಳ್ಳೆಗೆ ಸೇರಿಸುತ್ತಿತ್ತು; ತಿನ್ನಲಿಲ್ಲ, ನಿಲ್ಲಲಿಲ್ಲ. ದೊಡ್ಡವ್ವ ಗಲ್ಲಕ್ಕೆ ಕೈಯಿಟ್ಟು, "ನನ್ನ ಹಡದವ್ವ, ಗಂಡಸರಾಗ ಇಂಥದೂ ಒಂದು ಇತ್ತೇನು?" ಎಂದು ಆಗಷ್ಟೇ ಬ್ಯಾಂಕಿನಿಂದ ಬಂದ ಗಿರಿಜೆಯ ಕಡೆ ನೋಡಿದಳು. ಇಬ್ಬರೂ ನನ್ನ ಕಡೆ ನೋಡಿದರು. ನಾನು ನೀರಿನ ಶಾಖ ನೋಡುವವನಂತೆ ಬಗ್ಗಿದೆ.

ಮರಿಗಳು ಹುಟ್ಟಿದವು. ಕಣ್ಣಿಗೆ ಕಂಡೂ ಕಾಣದ ಅಲ್ಪವಿರಾಮ ಚಿಹ್ನೆಗಳಂತಿದ್ದವು. ಅವು ಈಜಾಡತೊಡಗಿದ ಮೇಲೆ ಅಪ್ಪನನ್ನೂ ಬೇರೆ ಮಾಡಿದೆ. ಆ ಹಂತ ದಾಟಿದರೆ ಆ ಮಹಾನುಭಾವನೇ ಅವನ್ನು ತಿಂದುಬಿಡುತ್ತಾನಂತೆ. ಈ ಸಂಗತಿಯನ್ನು ನಾನು ಹೆಂಗಸರಿಬ್ಬರಿಗೂ ಸಾಕಷ್ಟು ಸಲ ಹೇಳಿದೆ, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮರಿಗಳ ಮೊದಲ ಆಹಾರ ಎಲೆ ಕೊಳೆತ ನೀರಿನಲ್ಲಿ ಹುಟ್ಟುವ ಸೂಕ್ಷ್ಮ ಜೀವಿಗಳು. ಅದಕ್ಕಾಗಿ ಕೋಯಂಬೇಡು ಮಾರುಕಟ್ಟೆಗೆ ಹೋಗಿ, ಒಳ್ಳೆಯ ಕೋಸು ಬೇಡ, ಕೊಳೆತ ಎಲೆ ಕೊಡಿ ಎಂದು ಕೇಳಿದೆ. ಕೋಸು ಮಾರುವ ಹೆಂಗಸು ನನ್ನ ಇಸ್ತ್ರಿಯ ಅಂಗಿಯನ್ನೂ ಮುಖವನ್ನೂ ನೋಡಿ, ಮರುಕದಿಂದ ಒಂದು ಒಳ್ಳೆಯ ಕೋಸನ್ನೇ ಚೀಲಕ್ಕೆ ಹಾಕಿದಳು. ಅದರ ಎಲೆಯನ್ನೇ ನೀರಿನಲ್ಲಿ ನೆನೆಹಾಕಿ ಮನೆಯ ಒಂದು ಮೂಲೆಯಲ್ಲಿಟ್ಟೆ; ಅದು ಕೊಳೆಯುತ್ತಿದ್ದ ದಿನಗಳಲ್ಲಿ ನಮ್ಮ ಮನೆಗೆ ನೆಂಟರು ಯಾರೂ ಬರಲಿಲ್ಲವೆಂಬುದು ಒಂದು ಲಾಭ.

ಎಡಗಣ್ಣಿನ ಆಪರೇಷನ್ನಿಗೆಂದು ದೊಡ್ಡವ್ವ ಉಳಿದಳು. ಉಳಿದದ್ದು ಕಣ್ಣಿಗೋ ಮರಿಗಳಿಗೋ ಹೇಳುವುದು ಕಷ್ಟ. ಮರಿಗಳು ದೊಡ್ಡವಾದಂತೆ ಗಂಡುಗಳು ಒಂದರ ಮೇಲೊಂದು ಬೀಳತೊಡಗಿದವು. ಒಂದೊಂದಕ್ಕೂ ಬೇರೆ ಮನೆ ಮಾಡಬೇಕಾಯಿತು. ಉಪ್ಪಿನಕಾಯಿ ಭರಣಿ, ಕಾಫಿಪುಡಿ ಬಾಟಲಿ, ಬೇಳೆ ಡಬ್ಬಿ, ಎಲ್ಲದರಲ್ಲೂ ಒಬ್ಬೊಬ್ಬ ಕೋಪಿಷ್ಠ. ಕಟ್ಟಡದ ಮನೆಮನೆಗೂ ಹಂಚಿದೆ. ಹೊಸ ಕಾರ್ಯದರ್ಶಿ ಒಂದು ಕೆಂಪು ಮೀನನ್ನು ಇಸಿದುಕೊಂಡು, ಅದಕ್ಕೆ ಅಂಗಡಿಯಲ್ಲಿ ಸಿಗುವ ಒಣ ಕಾಳನ್ನೇ ಹಾಕುವುದಾಗಿ ನನಗೆ ಎರಡೆರಡು ಸಲ ತಿಳಿಸಿದರು. ಊರಿಗೆ ಹೊರಟಾಗ ದೊಡ್ಡವ್ವ ಒಂದು ನೀಲಿ ಮರಿಯನ್ನು ಆರಿಸಿಕೊಂಡಳು. ರೈಲಿನಲ್ಲಿ ತನ್ನ ಬುತ್ತಿಯನ್ನು ಸೀಟಿನ ಕೆಳಗಿಟ್ಟು, ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಹೋದಳು.

ಕಳೆದ ವಾರ ಅವಳ ಫೋನು ಬಂತು. ನಾವು ಮೂವರೂ ಊಟಕ್ಕೆ ಕೂತಿದ್ದೆವು. ಕೈ ಎಂಜಲಾದ್ದರಿಂದ ಸ್ಪೀಕರ್ ಹಾಕಿ ಮಾತಾಡಿದೆ. "ಬಸ್ಯಾ ನಿನ್ನಿಯಿಂದ ಏನೂ ತಿಂದಿಲ್ಲ, ನನಗ ಭಾಳ ಚಿಂತಿ ಆಗೇದ," ಎಂದಳು. ಅಷ್ಟು ದೂರದಿಂದ ಈ ವಯಸ್ಸಿನಲ್ಲೂ ನನ್ನ ಹೊಟ್ಟೆಯ ಚಿಂತೆ ಮಾಡುತ್ತಾಳಲ್ಲ ಎಂದು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು ಫೋನಿನತ್ತ ಬಗ್ಗಿದೆ. "ಇಲ್ಲ ದೊಡ್ಡವ್ವ, ಚಪಾತಿ ತಿನ್ನಾಕತ್ತೀನಿ," ಎಂದೆ.

"ನಿನ್ನ ಯಾರು ಕೇಳಿದರು? ನಾ ಮೀನಿನ ಸುದ್ದಿ ಹೇಳಾಕತ್ತೀನಿ. ಅದಕ್ಕ ನಿನ್ನ ಹೆಸರು ಇಟ್ಟೀನಿ."

ನನಗೆ ಹೆಮ್ಮೆಯೆನಿಸಿತು. ಅಷ್ಟು ಚಂದದ ಮೀನು. ಯಾಕೆ ನನ್ನದೇ ಹೆಸರು ಎಂದು ಕೇಳಿದೆ. ಕೇಳಬಾರದಿತ್ತು.

"ಕನ್ನಡಿ ಮುಂದ ಇಟ್ಟೀನೋ. ತನ್ನ ಮಾರಿ ತಾನ ನೋಡಿಕೊಂಡು ಕಿವಿರು ಉಬ್ಬಿಸಿ, ರೆಕ್ಕಿ ಹರವಿ, ಯಾರ ಮ್ಯಾಲೋ ದಂಡೆತ್ತಿ ಹೊಂಟಂಗ ನಿಂದರತದ. ಎದುರಿಗೆ ಯಾರೂ ಇರೂದಿಲ್ಲ. ಆ ಹೊತ್ತಿನ್ಯಾಗ ಥೇಟ್ ನೀನ."

ಫೋನಿಟ್ಟೆ. "ಏನಂತೆ?" ಎಂದಳು ಗಿರಿಜೆ.

"ಏನಿಲ್ಲ, ಊರಲ್ಲಿ ಎಲ್ಲ ಆರಾಮಂತೆ," ಎಂದೆ. ಅವಳೂ ಮಗಳೂ ತಲೆ ಬಗ್ಗಿಸಿ ಊಟ ಮಾಡುತ್ತಿದ್ದರು. ಇಬ್ಬರ ಭುಜಗಳು ಯಾಕೆ ಕುಲುಕುತ್ತಿವೆ ಎಂದು ಎರಡು ತುತ್ತು ಯೋಚಿಸಿದ ಮೇಲೆ, ಸ್ಪೀಕರ್ ಹಾಕಿದ್ದು ನನಗೆ ನೆನಪಾಯಿತು.