ಕುಸುಬಿಗೆ ಸಕ್ಕರೆ ನೀರು

ಕಪಿಲನ ಗ್ರಹಚಾರ ಶುರುವಾದದ್ದು ಇರುವೆಗಳಿಂದ. ಹಲ್ಲುಜ್ಜುತ್ತ ವರಾಂಡಕ್ಕೆ ಬಂದವನು, ಎರಡನೆಯ ಟ್ರೇಯತ್ತ ಇರುವೆಗಳ ಸಾಲು ಹೊರಟಿದ್ದನ್ನು ನೋಡಿದ. ಟ್ರೇ ನೋಡಿದಾಗಂತೂ ಬ್ರಷ್ಷು ಬಾಯಲ್ಲೇ ನಿಂತಿತು. ಬಾಡಿ ಮಲಗಿರಬೇಕಾದ ಕುಸುಬಿ ಮೊಳಕೆಗಳು ಎದ್ದು ನೆಟ್ಟಗೆ ನಿಂತಿದ್ದವು!

ಬಾಡಿದ ಸಸಿ ಚೇತರಿಸಿಕೊಂಡರೆ ಯಾರಾದರೂ ಅಳುತ್ತಾರೆಯೇ? ಕಪಿಲ ಅಳುವುದೊಂದೇ ಬಾಕಿ. ಬೀಜದೊಳಗೆ ಸಕ್ಕರೆ ಎಣ್ಣೆಯಾಗಲು ಒಂದು ಕಿಣ್ವ ಬೇಕು. ಆ ಎಣ್ಣೆಯೇ ಮೊಳಕೆಗೆ ಬುತ್ತಿ. ಮೊದಲ ಟ್ರೇಯಲ್ಲಿದ್ದದ್ದು ಹೋಲಿಕೆಗೆಂದು ಬಿತ್ತಿದ ಸಾದಾ ಬೀಜ, ಎರಡನೆಯದರಲ್ಲಿ ಕಿಣ್ವವಿಲ್ಲದ ಬೀಜ. ಬುತ್ತಿಯಿಲ್ಲದೆ ಇವು ಸೊರಗಬೇಕು. ಸೊರಗಿದ್ದನ್ನು ಗೈಡ್ ಮಲ್ಲಿಕಾರ್ಜುನಪ್ಪ ಸರ್ ಇವತ್ತು ಕಣ್ಣಾರೆ ನೋಡಬೇಕು. ನೋಡಿದರೆ ಕಪಿಲನ ಸಂಶೋಧನೆಯ ಕೆಲಸ ಉಳಿಯುತ್ತದೆ. ಇಲ್ಲವಾದರೆ ತಿರುಗಿ ತನ್ನೂರು ಠಾಣಾ ಕುಶನೂರಿನ ಬಸ್ಸು. ಲ್ಯಾಬಿನಲ್ಲಿ ಇಲಿಕಾಟವೆಂದು ಟ್ರೇಗಳನ್ನು ಬೀದರಿನ ಬಾಡಿಗೆ ಮನೆಗೆ ತಂದಿದ್ದ. ಇದ್ದಬದ್ದ ಬೀಜವನ್ನೆಲ್ಲ ಬಿತ್ತಿಯೂ ಬಿಟ್ಟಿದ್ದ.

"ಮೌಶಿ, ಇವಕ್ಕ ಏನ್ ಮಾಡೀರಿ? ಬಾಡಬೇಕಿತ್ತು ಇವು!" ಎಂದು ಮನೆಯೊಡತಿ ಕಾಂತಾಬಾಯಿಯನ್ನು ಕೂಗಿದ.

"ಏನಿಲ್ಲಪ್ಪಾ, ದಿನಾ ಒಂದೀಟು ಸಕ್ಕರಿ ನೀರು ಹಾಕೀನಿ. ಉಪಾಸ ಬಿದ್ದ ಕೂಸಿನಂಗ ಮಲಗಿದ್ದವು. ನನಗ ಜೀವ ತಡೀಲಿಲ್ಲ ನೋಡು."

ಪರರ ಕರುಣೆ ಬಾಡಿಗೆಯವನಿಗೆ ಬಲು ಅಪಾಯದ್ದು. ಗೋಡೆಯಾಚೆಯಿಂದ ಪಕ್ಕದ ಮನೆಯ ಫಕ್ರೋದ್ದೀನ ಚಾಚಾ ಇಣುಕಿದರು. "ಘಾಬರಿ ಯಾಕ? ಬಿಸಿಲಾಗ ಇಡು, ಬಾಡ್ತಾವ."

ಇಟ್ಟ. ಬಿಸಿಲು ಕಂಡು ಅವು ಇನ್ನಷ್ಟು ಹಸಿರಾದಂತೆ ಕಂಡವು. ಅಷ್ಟರಲ್ಲಿ ಸರ್ ಫೋನು: "ಜನವಾಡ ದಾಟೀನ್ರಿ, ಇನ್ನೇನ್ ಬಂದೆ." ಕಪಿಲ ಎರಡನೆಯ ಟ್ರೇಯ ಮೊಳಕೆಗಳನ್ನೆಲ್ಲ ಕಿತ್ತು, ಗೋಡೆಯಾಚೆ ಚಾಚಾನ ಆಡಿಗೆ ಎಸೆದ. ಅದು ಒಂದೂ ಉಳಿಸಲಿಲ್ಲ.

ಸರ್ ಬಂದವರೇ ಖಾಲಿ ಟ್ರೇ ನೋಡಿದರು. "ಇವೆಲ್ಲಿ ಹೋದವ್ರಿ?"

"ಸತ್ತವ್ರಿ ಸರ್. ಕಿಣ್ವ ಇಲ್ಲಲ್ರಿ, ಬದುಕಲಿಲ್ಲ."

"ಸಾಯ್ಲಿಕ್ಕೇನ್ರಿ, ನೀರು ಹಾಕದಿದ್ರೂ ಸಾಯ್ತಾವ. ಅದ್ರಿಂದ ಏನ್ ಗೊತ್ತಾಯ್ತು? ಬಾಡಿದವಕ್ಕ ಸಕ್ಕರಿ ಕೊಟ್ಟು ಎಬ್ಬಿಸಿ ತೋರಿಸಿದ್ರ, ಕೊರತಿ ಬುತ್ತಿದೇ ಅಂತ ಖಾತ್ರಿ ಆಗ್ತಿತ್ತು. ಅಷ್ಟು ಮಾಡಿದ್ರ ನಿಮ್ಮ ಕೆಲಸಕ್ಕ ನಾನೇ ಸಹಿ ಹಾಕ್ತಿದ್ದೆ. ಬೀಜ ಉಳದಾವೇನ್ರಿ?"

"ಇಲ್ರಿ..." ಕಪಿಲನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಚಹಾ ತಂದ ಕಾಂತಾಬಾಯಿಯ ಮುಖ ಅರಳಿತು. "ಅಯ್ಯ ಸರ್, ಸಕ್ಕರಿ ನಾ ಕೊಟ್ಟಿದ್ದೆನ್ರಿ! ಚಂದಾಗಿ ಎದ್ದು ನಿಂತಿದ್ದವು. ಈತನೇ ಈಗ ಎಲ್ಲಾ ಕಿತ್ತಿ ಒಗದಾನ!"

ಸರ್ ಕೈಯ ಕಪ್ಪು ಅಲ್ಲೇ ನಿಂತಿತು. ಗೋಡೆಯಾಚೆ ಫಕ್ರೋದ್ದೀನ ಚಾಚಾನ ತಲೆ ಮತ್ತೆ ಎದ್ದಿತು.

"ಕಪಿಲ ಭಾಯಿ, ಬಕರಿ ಒದರ್ಲತ್ತದ. ಇನ್ನೊಂದ್ ಮುಷ್ಟಿ ಅದ ಏನ್?"

ಸರ್ ಕಪ್ಪು ಕೆಳಗಿಟ್ಟು, ಇನ್ನು ಹೋಲಿಸಲು ಜೊತೆಯಿಲ್ಲದ ಮೊದಲ ಟ್ರೇಯನ್ನು ಎತ್ತಿ ತಾವೇ ಗೋಡೆಯಾಚೆ ಕೊಟ್ಟರು.