ಮೂರು ಎಡ ಸೇರಿ ಒಂದು ಬಲ

ನಲವತ್ತು ವರ್ಷ ಕಾಲೇಜಿನಲ್ಲಿ ರೇಖಾಗಣಿತ ಕಲಿಸಿದವಳಿಗೆ ಎರಡು ಚಕ್ರ ಯಾವ ಲೆಕ್ಕ ಎಂದು ಅರವತ್ತೇಳನೇ ವಯಸ್ಸಿನಲ್ಲಿ ಸೈಕಲ್ ಕಲಿಯಲು ಹೊರಟೆ. ಕಾರಣ, ನಮ್ಮ ಮನೆಯವರ ಕಣ್ಣು. ಶಸ್ತ್ರಚಿಕಿತ್ಸೆಯಾದ ಮೇಲೆ ಒಂದು ತಿಂಗಳು ಸ್ಕೂಟರ್ ಮುಟ್ಟಬಾರದು, ಪುಸ್ತಕ ಓದಬಾರದು ಎಂದು ವೈದ್ಯರ ಅಪ್ಪಣೆ. ಹಾಗಾಗಿ ಅವರ ಪತ್ತೇದಾರಿ ಕಾದಂಬರಿಯನ್ನು ನಾನೇ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಸಾಹಿತ್ಯವೆಂದು ನೋಡಿದರೆ ಅದು ಕಳಪೆ. ಆದರೆ ಮೊದಲ ಭಾಗ ಮುಗಿದಾಗ ಹೆಣ ಬಿದ್ದಿತ್ತು, ಕೊಲೆಗಾರ ಸಿಕ್ಕಿರಲಿಲ್ಲ, ಇವರಿಗೆ ಅದೇ ಯೋಚನೆ. ಎರಡನೇ ಭಾಗವನ್ನು ಗ್ರಂಥಾಲಯದಲ್ಲಿ ನಮಗಾಗಿ ತೆಗೆದಿಟ್ಟಿದ್ದರು. ಶನಿವಾರ ಸಂಜೆ ಐದಕ್ಕೆ ಬಾಗಿಲು ಹಾಕುವುದರೊಳಗೆ ಹೋಗದಿದ್ದರೆ ಅದು ಸರದಿಯಲ್ಲಿದ್ದ ಇನ್ನೊಬ್ಬರ ಪಾಲು.

“ಆಟೋದಲ್ಲಿ ಹೋಗಿ ಬಾ” ಎಂದರು.

“ಮೂರು ವಾರ ಮೈದಾನದಲ್ಲಿ ಕಲಿತಿದ್ದು ಆಟೋ ಹತ್ತೋದಕ್ಕಾ?” ಎಂದು ನಾಲ್ಕಕ್ಕೇ ಹೊರಟೆ.

ಮೈದಾನದಲ್ಲಿ ನನ್ನ ಸವಾರಿ ನಿರ್ದೋಷ. ಆದರೆ ಮೈದಾನದಲ್ಲಿ ಬಸ್ಸುಗಳಿರಲಿಲ್ಲ. ಗ್ರಂಥಾಲಯಕ್ಕೆ ನಮ್ಮ ಬೀದಿಯ ವೃತ್ತದಲ್ಲಿ ಬಲಕ್ಕೆ ತಿರುಗಬೇಕು. ತಿರುಗುವ ಮೊದಲು ಬಲಗೈ ಚಾಚಿ ತೋರಿಸಬೇಕೆಂಬುದು ನಿಯಮ. ಚಾಚಿದೆ. ಸೈಕಲ್ ಹಾವಿನಂತೆ ಹರಿಯಿತು! ಕೈ ಹಿಂದಕ್ಕೆ ತಂದರೆ ಸೂಚನೆ ಕೊಡದೆ ತಿರುಗಿದ ಅಪರಾಧ. ಹೊರಗೇ ಬಿಟ್ಟರೆ ತಿರುಗಲು ಸಾಧ್ಯವೇ ಇಲ್ಲ. ನಾನು ನಿಯಮ ಮುರಿಯುವವಳಲ್ಲ. ಬಲಗೈ ಚಾಚಿಕೊಂಡೇ ನೇರವಾಗಿ ಹೋದೆ. ಈಗ ತಿರುಗುತ್ತಾಳೆ, ಈಗ ತಿರುಗುತ್ತಾಳೆ ಎಂದು ಕಾಯುತ್ತಾ ಒಂದು ಬಸ್ಸು, ಎರಡು ಕಾರು, ಒಂದು ಹಾಲಿನ ವ್ಯಾನು ನನ್ನ ಹಿಂದೆ ಮೆರವಣಿಗೆ ಬಂದವು.

ಆಗ ರೇಖಾಗಣಿತ ಕೈ ಹಿಡಿಯಿತು. ಮೂರು ಸಲ ಎಡಕ್ಕೆ ತಿರುಗಿದರೆ ಒಂದು ಸಲ ಬಲಕ್ಕೆ ತಿರುಗಿದಂತೆಯೇ! ಎಡಕ್ಕೆ ತಿರುಗಲು ಯಾವ ಬಸ್ಸಿಗೂ ಅಡ್ಡ ಹೋಗಬೇಕಿಲ್ಲ. ಎಡಗೈ ಎತ್ತಿದಾಗ, ಅಷ್ಟು ವರ್ಷ ಸೀಮೆಸುಣ್ಣ ಹಿಡಿದ ಬಲಗೈ ಒಂಟಿಯಾಗಿಯೇ ನಿಭಾಯಿಸಿತು.

ಎರಡು ಸಲ ತಿರುಗಿದೆ. ಮೂರನೆಯ ತಿರುವಿನಲ್ಲಿ ಪೈಪಿಗಾಗಿ ರಸ್ತೆ ಅಗೆದು ಹಾಕಿದ್ದರು. ಅದರ ಮುಂದಿನ ಎಡ ಹಿಡಿದೆ. ಅದು ನಮ್ಮ ಬೀದಿಗೇ ತಂದು ಬಿಟ್ಟಿತು. ಗೇಟಿನ ಬಳಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಇವರು ಕೈ ಬೀಸಿದರು. ಎಲ್ಲವೂ ಯೋಜನೆಯಂತೆಯೇ ನಡೆಯುತ್ತಿದೆ ಎಂಬಂತೆ ತಲೆಯಾಡಿಸಿ ಮುಂದೆ ಹೋದೆ.

ಎರಡನೇ ಸುತ್ತಿಗೆ ಆಯತವನ್ನು ದೊಡ್ಡದು ಮಾಡಿದೆ. ಅಗೆತವೂ ದೊಡ್ಡದಾಗಿಯೇ ಇತ್ತು. ಮತ್ತೆ ನಮ್ಮ ಗೇಟು. ಅಷ್ಟರಲ್ಲಿ ಎದುರುಮನೆಯವರೂ ಕುರ್ಚಿ ತಂದು ಹಾಕಿಕೊಂಡಿದ್ದರು. ಮೂರನೇ ಸುತ್ತಿಗೆ ಇವರು ಎದ್ದು ನಿಂತರು.

“ಅಲ್ಲ ಕಣೇ, ಸರ್ಕಲ್ಲಲ್ಲಿ ಇಳಿದು, ತಳ್ಕೊಂಡು ದಾಟಬಾರದಾ?”

ಇಳಿಯುವುದು! ಸವಾರಿಯನ್ನೇ ಯೋಚಿಸುತ್ತಿದ್ದವಳಿಗೆ ಅದು ಹೊಳೆದೇ ಇರಲಿಲ್ಲ. ಈ ಸಲ ವೃತ್ತದಲ್ಲಿ ಇಳಿದೆ. ನಡೆದು ಹೋಗುವವರ ಜೊತೆ ಸೈಕಲ್ ತಳ್ಳಿಕೊಂಡು ಅರ್ಧ ನಿಮಿಷದಲ್ಲಿ ದಾಟಿದೆ. ಆಚೆ ಮತ್ತೆ ಹತ್ತಿ, ಬಸ್ಸು ಹಾರನ್ ಹೊಡೆದರೂ ಕದಲದೆ ಎಡಬದಿಯಲ್ಲಿ ನೆಟ್ಟಗೆ ತುಳಿದೆ.

ಗ್ರಂಥಾಲಯ ಮುಟ್ಟಿದಾಗ ಐದು ಇಪ್ಪತ್ತು. ಬಾಗಿಲು ತೆರೆದೇ ಇತ್ತು. ಗ್ರಂಥಪಾಲಕಿ ಎರಡನೇ ಭಾಗವನ್ನು ಮೇಜಿನ ಮೇಲಿಟ್ಟುಕೊಂಡು ಕಾಯುತ್ತಿದ್ದಳು.

“ನಿಮ್ಮ ಯಜಮಾನರು ಫೋನ್ ಮಾಡಿದ್ರು ಮೇಡಂ. ನೀವು ಸೈಕಲ್ಲಲ್ಲೇ ಬರ್ತೀರಿ, ಆರರವರೆಗೆ ಬಾಗಿಲು ಹಾಕಬೇಡಿ ಅಂದ್ರು.”

ನನ್ನ ಪ್ರದಕ್ಷಿಣೆ ನೋಡಿದ ಮನುಷ್ಯ ಇನ್ನೇನು ಮಾಡಿಯಾರು? ಮುಖ ಗಂಟಿಕ್ಕಿಕೊಂಡು, ಫೋನ್ ಬಂದದ್ದು ಮೊದಲನೇ ಸುತ್ತಿಗೋ ಎರಡನೆಯದಕ್ಕೋ ಎಂದು ವಿಚಾರಿಸಿದೆ.

“ಯಾವ ಸುತ್ತು ಮೇಡಂ? ಅವರು ಮಾಡಿದ್ದು ನಿನ್ನೆ ಬೆಳಿಗ್ಗೆ.”